ಮಲ್ಲೇಶ್ವರದ ಮುಂಬೀದಿ, ಹಿಂದಾರಿ

ಕ್ರಿ. ಶ. 1898ರಲ್ಲಿ ಪ್ಲೇಗೆಂಬ ಮಹಾಮಾರಿಯು ಬೆಂಗಳೂರಿಗೆ ಹೊಕ್ಕು, ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಬಹುಜನರನ್ನು ಬಲಿತೆಗೆದುಕೊಂಡಿತು. ಆ ಭೀತಿಯೇ ಮಲ್ಲೇಶ್ವರ, ಬಸವನಗುಡಿ ಎಂಬ ಹೊಸ ಬಡಾವಣೆಗಳ ಅಭಿವೃದ್ಧಿಗೆ ಪ್ರಬಲ ಕಾರಣವಾಯಿತು. ಪ್ರಾಚೀನವಾದ ಕಾಡು ಮಲ್ಲೇಶ್ವರ ದೇವಾಲಯದಿಂದ ಹೆಸರು ಪಡೆದ ಮಲ್ಲೇಶ್ವರದಲ್ಲಿ ನೇರವಾದ ಬೀದಿಗಳೂ, ಅವುಗಳನ್ನು ಛೇದಿಸುವ ಅಡ್ಡರಸ್ತೆಗಳೂ ಏರ್ಪಟ್ಟವು. ಸಂಪಿಗೆ, ಬೇವುಗಳ ಹೆಸರನ್ನು ದಾರಿಗಳಿಗಿಟ್ಟರು. ಗುಡಿ, ಪಾಠಶಾಲೆ, ಮಾರುಕಟ್ಟೆಗಳು ಕಾಲ್ನಡೆಯ ದೂರದಲ್ಲಿಯೇ ಒದಗಿದುದರಿಂದ ಗೃಹಸ್ಥರಿಗೆ ನಿತ್ಯದ ಕಾರ್ಯಗಳಲ್ಲಿ ಬಂಡಿಯ ಹಂಗು ತಪ್ಪಿತು.

ಆದರೆ ಮನೆಗಳ ಹಿಂಬದಿಯಲ್ಲಿ ಮತ್ತೊಂದು ಕಿರುದಾರಿಯಿತ್ತು. ಮಲವನ್ನು ಹೊತ್ತೊಯ್ಯುವವರು ಮುಂಬೀದಿಯವರ ಕಣ್ಣಿಗೆ ಬೀಳದೆ ಅದರಲ್ಲಿ ನಡೆಯಬೇಕಾಗಿತ್ತು. ಮುಂಬೀದಿಯ ನೈರ್ಮಲ್ಯವು ಅವರ ಶ್ರಮದ ಫಲವೇ ಸರಿ. ಒಳಚರಂಡಿ ಬಂದಮೇಲೆ ಆ ಕಿರುದಾರಿಗಳ ಪ್ರಯೋಜನವು ತೀರಿತು. ದಾರಿಗಳು ಮಾತ್ರ ಕೆಲವೆಡೆ ಉಳಿದಿವೆ. ಬಡಾವಣೆಯ ಸೌಖ್ಯವನ್ನು ವರ್ಣಿಸುವ ಚರಿತ್ರಕಾರರು ಅವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವಾಗಿದೆ.