ನೇತ್ರಾವತಿ ಜಲಾನಯನ ಮತ್ತು ಬೋಳಾರದ ನೆರೆ

ಮಂಗಳೂರಿನ ಬೋಳಾರ, ನೇತ್ರಾವತಿಯ ಅಳಿವೆಗೆ ಸಮೀಪದ ದಂಡೆ ಪ್ರದೇಶ. ಇಲ್ಲಿನ ನೆರೆಯನ್ನು ಇಲ್ಲಿನ ಮಳೆಯಿಂದಷ್ಟೇ ಅಳೆಯಲಾಗದು. ಕುದುರೆಮುಖ, ಚಾರ್ಮಾಡಿ ಕಡೆಯ ಘಟ್ಟದಲ್ಲಿ ಸುರಿದ ನೀರೂ ಉಪ್ಪಿನಂಗಡಿಯಲ್ಲಿ ಕೂಡುವ ಕುಮಾರಧಾರೆಯೂ ಬಂಟ್ವಾಳ ದಾಟಿ ಇಲ್ಲಿಗೇ ಬರಬೇಕು. ನದಿಯ ಉದ್ದ ಸುಮಾರು 100 ಕಿ.ಮೀ. ಮಾತ್ರ, ಕಡಿದಾದ ಘಟ್ಟದಿಂದ ಪ್ರವಾಹ ಬೇಗ ಇಳಿಯುತ್ತದೆ. ಆ ಹೊತ್ತಿಗೆ ಕಡಲು ಉಬ್ಬರದಲ್ಲಿದ್ದರೆ ನೀರು ಹೊರಹೋಗಲಾರದೆ ದಂಡೆಗೆ ಹಬ್ಬುತ್ತದೆ.

ಈ ನೆರೆಗೆ ಕಾಡು ಕಡಿತದಂಥ ಭೂಬಳಕೆಯ ಬದಲಾವಣೆಯನ್ನು ದೂರುವುದು ಸರಿಯಲ್ಲ, 1923ರಲ್ಲಿ ಕಾಡು ಹೆಚ್ಚಿದ್ದಾಗಲೂ ಬಂಟ್ವಾಳ ಮುಳುಗಿತ್ತಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ: ದಿನಗಟ್ಟಲೆ ಮಳೆ ಸುರಿದು ನೆಲ ತೊಯ್ದು ತುಂಬಿದ ಮೇಲೆ ಕಾಡೂ ಹೆಚ್ಚು ನೀರು ಹೀರಲಾರದು. 1923, 1974ರಂಥ ಮಹಾಪೂರಗಳನ್ನು ಮರಗಳು ತಡೆಯುತ್ತವೆ ಎನ್ನುವುದು ಅತಿಶಯೋಕ್ತಿ. ಆದರೆ ಪದೇ ಪದೇ ಬರುವ ಸಾಧಾರಣ ನೆರೆಯ ಲೆಕ್ಕ ಬೇರೆ. ಘಟ್ಟದ ಶೋಲಾ ಕಾಡಿನ ಸಡಿಲ ಮಣ್ಣು ನೀರನ್ನು ತಡೆದು ನಿಧಾನವಾಗಿ ಬಿಡುತ್ತದೆ. ರಸ್ತೆಗಾಗಿ ಕಡಿದ ಗುಡ್ಡ ಹೂಳನ್ನೂ ಸೇರಿಸಿ ಕಳಿಸುತ್ತದೆ. ನಗರದೊಳಗೆ ಬೈಲುಗದ್ದೆಗಳಿಗೆ ಮಣ್ಣು ತುಂಬಿ, ತೋಡುಗಳನ್ನು ಕಿರಿದಾಗಿಸಿದರೆ ಮಳೆನೀರು ನಿಲ್ಲಲು ಜಾಗವೇ ಉಳಿಯದು. ಬೋಳಾರಕ್ಕೆ ತಡೆಗೋಡೆ ಕಟ್ಟಿದರೂ, ಹೊಳೆ ಏರಿದ ದಿನ ಒಳಗಿನ ನೀರು ಗೋಡೆಯ ಹಿಂದೆಯೇ ನಿಂತೀತು.