ಕರಬೂಜದ ಪಾನಕ ಮತ್ತು ನಾನು ಕಲಿಸಿದ ಒಂದು ತಪ್ಪು

ಶರಣಬಸವೇಶ್ವರರ ತೇರು ಮುಗಿಯಿತೆಂದರೆ ಕಲಬುರಗಿಗೆ ಬೇಸಿಗೆ ಬಂತೆಂದೇ ಲೆಕ್ಕ. ಏಪ್ರಿಲ್ ಹೊತ್ತಿಗೆ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಹನ್ನೆರಡರ ಮೇಲೆ ರಸ್ತೆಗಳು ಬರಿದಾಗುತ್ತವೆ. ಆ ದಿನಗಳಲ್ಲಿ ಮಾರುಕಟ್ಟೆಯ ಬದಿಯಲ್ಲಿ ರಾಶಿ ಬಿದ್ದ ಕರಬೂಜ ಹಣ್ಣುಗಳ ಪರಿಮಳ ಮೂಗಿಗೆ ಬಡಿದಾಗಲೆಲ್ಲ ನನಗೆ ನೆನಪಾಗುವುದು ಬಾಯಾರಿಕೆಯಲ್ಲ, ನನ್ನದೇ ಒಂದು ತಪ್ಪು. ಇತಿಹಾಸದ ಮೇಷ್ಟ್ರಾಗಿ ಆ ತಪ್ಪನ್ನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದೇನೆ. ನಿವೃತ್ತನಾದ ಮೇಲಾದರೂ ತಿದ್ದಿಕೊಳ್ಳದಿದ್ದರೆ ಹೇಗೆ?

1978ರ ಸುಮಾರಿಗೆ ನಾನು ಕಮಲಾಪುರದಲ್ಲಿದ್ದೆ. ಆಗಿನ್ನೂ ನಮ್ಮದು ಗುಲಬರ್ಗಾ ಜಿಲ್ಲೆ. ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಬೀದರಿನ ಕಡೆಗೆ ರೈಲೂ ಇರಲಿಲ್ಲ, ಅದು ಉದ್ಘಾಟನೆಯಾದದ್ದು 2017ರಲ್ಲಿ. ಬಸ್ಸಿನಲ್ಲಿ ಧೂಳು ಕುಡಿಯುತ್ತ ಹೋಗಿ ಬರಬೇಕಾಗಿತ್ತು. ಬೇಸಿಗೆಯಾದ್ದರಿಂದ ಬೆಳಗಿನ ಶಾಲೆ. ಬಹಮನಿ ಸುಲ್ತಾನರ ಪಾಠ ನಡೆದಿತ್ತು. 1347ರಲ್ಲಿ ರಾಜ್ಯ ಸ್ಥಾಪನೆ, 1367ರಲ್ಲಿ ಕೋಟೆಯೊಳಗಿನ ಜಾಮಿ ಮಸೀದಿ ಎಂದು ಇಸವಿಗಳನ್ನು ಬರೆಯಿಸಿ, ಪಾಠಕ್ಕೆ ಸ್ವಲ್ಪ ರುಚಿ ಬರಲೆಂದು, "ನೀವು ತಿನ್ನುವ ಕರಬೂಜವನ್ನು ಈ ನಾಡಿಗೆ ತಂದವರೂ ಬಹಮನಿಗಳೇ" ಎಂದುಬಿಟ್ಟೆ. ಯಾವ ಗ್ರಂಥದಲ್ಲಿ ಓದಿದ್ದೆನೆಂದು ಈಗಲೂ ಹೇಳಲಾರೆ. ನನ್ನ ಮೇಷ್ಟ್ರು ಹೇಳಿದ್ದರು, ನಾನು ಹೇಳಿದೆ.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸರ, ಅದು ನಮ್ಮ ಜ್ವಾಳದ ಹೊಲದಾಗ ತಾನೇ ಹುಟ್ಟತೈತ್ರಿ" ಎಂದ. ತರಗತಿ ನಕ್ಕಿತು. ನಾನೂ ನಕ್ಕು ಅವನನ್ನು ಕೂಡಿಸಿದೆ.

ಮರುದಿನ ಶಾಲೆ ಬಿಟ್ಟ ಮೇಲೆ ಅವನ ಅಜ್ಜಿ ನನ್ನನ್ನು ಮನೆಗೆ ಕರೆಸಿದಳು. ಜಗಳಕ್ಕೇನೋ ಎಂದುಕೊಂಡು ಹೋದೆ. ಮರದ ಮೊರದಲ್ಲಿ ಮೂರು ಬಗೆಯ ಕಾಯಿಗಳನ್ನು ಸಾಲಾಗಿ ಇಟ್ಟಿದ್ದಳು. ಹೊಲದಲ್ಲಿ ಕಸವಾಗಿ ಹಬ್ಬುವ ಬಳ್ಳಿಯ ನಿಂಬೆಗಾತ್ರದ ಕಾಯಿ ಒಂದು, ಹಣ್ಣಾದೊಡನೆ ಮೈ ಬಿರಿಯುವ ಉದ್ದನೆಯ ಸಪ್ಪೆ ಹಣ್ಣು ಇನ್ನೊಂದು, ಪೇಟೆಯಿಂದ ತಂದ ಸಿಹಿ ಕರಬೂಜ ಮತ್ತೊಂದು. ಮೂರನ್ನೂ ಹೆಚ್ಚಿ ಬೀಜ ತೋರಿಸಿ, "ನೋಡ್ರಿ ಮಾಸ್ತರ, ಇವು ಮೂರೂ ಒಂದ ಬಳಗ. ಇದನ್ನ ಯಾರ ತಂದಾರ್ರಿ? ನಮ್ಮಜ್ಜಿ ಕಾಲದಾಗೂ ಇತ್ತು" ಎಂದಳು. ಆಮೇಲೆ ಕುಡಿಯಲು ಒಂದು ತಂಬಿಗೆ ಕೊಟ್ಟಳು. ಅದರ ರುಚಿಯ ಮಾತು ಮುಂದೆ ಹೇಳುತ್ತೇನೆ. ಅಂದು ಕುಡಿದು, ಹೊಗಳಿ ಬಂದೆ. ಪಾಠವನ್ನು ಮಾತ್ರ ಬದಲಿಸಲಿಲ್ಲ. ಅಕ್ಷರ ಬಾರದ ಮುದುಕಿಯ ಮಾತಿಗೆ ಇಸವಿ ಇರಲಿಲ್ಲವಲ್ಲ!

ನನ್ನ ಪಕ್ಷದಲ್ಲಿ ಆಧಾರವೇ ಇರಲಿಲ್ಲವೆಂದಲ್ಲ. ಕರಬೂಜ ಎಂಬುದು ಪಾರಸಿಯ 'ಖರಬೂಜಾ', ಶರಬತ್ತು ಅರಬ್ಬಿಯ ಕುಡಿಯುವ ಧಾತುವಿನಿಂದ ಹುಟ್ಟಿದ ಪದ. ಫಿರೋಜ್ ಷಾ ಬಹಮನಿ (1397-1422) ಗೋವೆ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ ಪರದೇಶಗಳ ವಿದ್ವಾಂಸರನ್ನೂ ಅಪರೂಪದ ವಸ್ತುಗಳನ್ನೂ ತರಿಸುತ್ತಿದ್ದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಹಡಗಿನಲ್ಲಿ ಪಂಡಿತರು ಬಂದರೆ ಬೀಜವೂ ಬಂದಿರಬೇಕೆಂದು ನಾನು ಊಹಿಸಿದೆ, ಊಹೆಯನ್ನೇ ಪಾಠ ಮಾಡಿದೆ. ಅದರ ಮೇಲೆ ಬಾಬರನ ಸಾಕ್ಷಿಯೂ ಇತ್ತು. ಹಿಂದೂಸ್ಥಾನದಲ್ಲಿ ಒಳ್ಳೆಯ ಕರಬೂಜವಿಲ್ಲ, ದ್ರಾಕ್ಷಿಯಿಲ್ಲ, ಮಂಜುಗಡ್ಡೆಯಿಲ್ಲ, ತಣ್ಣೀರೂ ಇಲ್ಲವೆಂದು ಅವನು ತನ್ನ ಆತ್ಮಕಥೆಯಲ್ಲಿ ದೂರಿದ್ದಾನೆ. ಕಾಬೂಲಿನಿಂದ ಬಂದ ಕರಬೂಜವನ್ನು ಕತ್ತರಿಸುವಾಗ ಕಣ್ಣೀರು ಬಂತೆಂದೂ ಒಪ್ಪಿಕೊಂಡಿದ್ದಾನೆ. ಬಳಿಕ ಬಾಲ್ಖ್ ಸೀಮೆಯ ತೋಟಗಾರನಿಂದ ಆಗ್ರಾದ ತನ್ನ ತೋಟದಲ್ಲಿ ಆ ಹಣ್ಣನ್ನು ಬೆಳೆಸಿದ. ಆದರೆ ಅವನು ದಖ್ಖನಿಗೆ ಬಂದವನೇ ಅಲ್ಲ. ಅವನಿಗೆ ಇಲ್ಲದ್ದಾಗಿ ಕಂಡದ್ದು 'ಒಳ್ಳೆಯ' ಕರಬೂಜ. ಆ ಒಂದು ವಿಶೇಷಣವನ್ನು ನಾನು ಅಷ್ಟು ವರ್ಷ ಗಮನಿಸಿರಲಿಲ್ಲ.

ಮುದುಕಿಯ ಮಾತಿಗೆ ಇಸವಿ ದೊರೆತದ್ದು 2019ರಲ್ಲಿ. ಜಗತ್ತಿನ ನಾನಾ ಕಡೆಯ 1,175 ಕರಬೂಜ ತಳಿಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಆ ವರ್ಷ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮನುಷ್ಯ ಈ ಬಳ್ಳಿಯನ್ನು ಮೂರು ಸಲ ಬೇರೆಬೇರೆಯಾಗಿ ಪಳಗಿಸಿದ್ದಾನೆ, ಒಂದು ಸಲ ಆಫ್ರಿಕಾದಲ್ಲಿ, ಎರಡು ಸಲ ಭಾರತದಲ್ಲಿ. ಹಳೆ ಮೈಸೂರಿನವರ ಕೆಕ್ಕರಿಕೆ, ಕರಾವಳಿಯವರ ಇಬ್ಬುಡ್ಲು, ನಮ್ಮ ಹೊಲದ ಕಸದ ಕಾಯಿ, ಪೇಟೆಯ ಕರಬೂಜ ಎಲ್ಲವೂ ಸಸ್ಯಶಾಸ್ತ್ರದಲ್ಲಿ ಒಂದೇ ಜಾತಿ, ಕುಕುಮಿಸ್ ಮೆಲೊ. (ಕಲ್ಲಂಗಡಿ ಬೇರೆ. ಅದು ನಿಜಕ್ಕೂ ಆಫ್ರಿಕಾದಿಂದ ಬಂದ ಅತಿಥಿ.) ಮಗ ಆ ಸುದ್ದಿಯನ್ನು ಓದಿ ಹೇಳಿದಾಗ ನನ್ನ ಕಣ್ಣೆದುರು ಬಂದದ್ದು ಆ ಮೊರ. ಅಜ್ಜಿ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು.

ಹಾಗಾದರೆ ಹೊರಗಿನಿಂದ ಬಂದವರ ಪಾಲು ಏನೂ ಇಲ್ಲವೇ? ಇದೆ. ಮಧ್ಯ ಏಷ್ಯಾದ ಸಿಹಿ ತಳಿಗಳ ಮೇಲಿನ ಮೋಹ ಅವರದು, ನಾವು ಇಂದು ಕರೆಯುವ ಹೆಸರೂ ಅವರದು. ಹಣ್ಣನ್ನು ಹಿಸುಕಿ ನೀರಿನಲ್ಲಿ ಬೆರೆಸಿ ಕುಡಿಯುವ ಕ್ರಮವಂತೂ ಇಲ್ಲಿ ಅದಕ್ಕೂ ಹಳೆಯದು. ಕಮಲಾಪುರದಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಮುಂದೆ ಹೋದರೆ ಬಸವಕಲ್ಯಾಣ ಸಿಗುತ್ತದೆ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುಡಿಯುವ ನೀರನ್ನು ಶುದ್ಧಿಗೊಳಿಸಿ ಸುವಾಸನೆಗೊಳಿಸುವ ವಿಧಾನಗಳಿವೆ, ಪಾನಕಗಳ ಪ್ರಸ್ತಾಪವೂ ಇದೆ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಬರುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ರಾಮನವಮಿಗೆ ಕರಬೂಜದ ಪಾನಕವನ್ನೂ ಹಂಚುತ್ತಾರೆ, ಪಾರಸಿ ಹೆಸರಿನ ಹಣ್ಣೆಂದು ರಾಮನ ಪ್ರಸಾದಕ್ಕೆ ಯಾರೂ ಬೇಡವೆಂದಿಲ್ಲ.

ಇನ್ನು ಅಜ್ಜಿಯ ತಂಬಿಗೆ. ತೊಟ್ಟು ತಾನೇ ಕಳಚುವಷ್ಟು ಮಾಗಿದ, ಮುಚ್ಚಿಟ್ಟರೂ ಮನೆ ತುಂಬ ವಾಸನೆ ಬರುವ ಹಣ್ಣೇ ಆಗಬೇಕು. ಅದನ್ನು ಎರಡು ಹೋಳು ಮಾಡಿ ಬೀಜ ತೆಗೆದು, ತಿರುಳನ್ನು ಚಮಚದಿಂದ ಕೆರೆದುಕೊಂಡು ಕೈಯಿಂದಲೇ ಹಿಸುಕಬೇಕು. ಕುಟ್ಟಿದ ಬೆಲ್ಲ, ಎರಡು ಏಲಕ್ಕಿ, ಒಂದು ಚಿಟಿಕೆ ಒಣಶುಂಠಿ, ಉಪ್ಪಿನ ನಾಲ್ಕು ಹರಳು, ಮಣ್ಣಿನ ಗಡಿಗೆಯ ನೀರು, ಇಷ್ಟೇ. ಅವಳ ವಿಶೇಷವೆಂದರೆ ಕಮಲಾಪುರದ ಕೆಂಪು ಬಾಳೆಹಣ್ಣು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಹಣ್ಣನ್ನು ಅರ್ಧ ಕಿವಿಚಿ ಹಾಕುತ್ತಿದ್ದಳು. ಅದರಿಂದ ಪಾನಕ ದಪ್ಪಗಾಗಿ ಗಂಟಲಲ್ಲಿ ನುಣ್ಣಗೆ ಇಳಿಯುತ್ತಿತ್ತು. ಈಗ ನಗರದ ಅಂಗಡಿಗಳಲ್ಲಿ ಮಿಕ್ಸಿಗೆ ಹಾಕಿ 'ಸ್ಮೂದಿ' ಎಂದು ಗಾಜಿನ ಲೋಟದಲ್ಲಿ ಕೊಡುವುದು ಇದರ ಮೊಮ್ಮಗುವೇ. ಬೀಜಗಳನ್ನು ತೊಳೆದು ಬಿಸಿಲಿಗೆ ಹರವುತ್ತಿದ್ದಳು. ಸಿಪ್ಪೆ ಸುಲಿದ ಅದೇ ಬೀಜಗಳು ಕಿರಾಣಿ ಅಂಗಡಿಯಲ್ಲಿ ಮಗಜ್ ಎಂಬ ಹೆಸರಿನಲ್ಲಿ ಒಳ್ಳೆಯ ಬೆಲೆಗೆ ಸಿಗುತ್ತವೆ.

ಹಾಲು ಹಾಕಬೇಡಿರೆಂದು ಅವಳು ಹೇಳಿದ್ದಳು. ಅದನ್ನೂ ನಾನು ಮೂಢನಂಬಿಕೆ ಎಂದುಕೊಂಡಿದ್ದೆ. ಕರಬೂಜದ ರಸದಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವಿದೆ, ಹಾಲಿನೊಡನೆ ಬೆರೆಸಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಹಿಯಾಗುತ್ತದೆ. ನಮ್ಮ ಸೊಸೆಗೆ ಹಾಲಿಲ್ಲದೆ ಸಮಾಧಾನವಿಲ್ಲ. ಅವಳು ಲೋಟ ತಂದು ಕೊಟ್ಟೊಡನೆ ನಾನು ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಅದನ್ನು ಕುಡಿದು ಮುಗಿಸುತ್ತೇನೆ.