ಸಣ್ಣ ವಿಮಾನದ ಉಪಕರಣಫಲಕ: ಒಂದು ಐತಿಹಾಸಿಕ ವಿವೇಚನೆ

ವಿಮಾನದ ಇತಿಹಾಸವನ್ನು ರೆಕ್ಕೆ, ಎಂಜಿನುಗಳ ಇತಿಹಾಸವೆಂದೇ ಬರೆಯುವ ವಾಡಿಕೆಯುಂಟು. ಚಾಲಕನ ಕಣ್ಣೆದುರಿನ ಉಪಕರಣಫಲಕಕ್ಕೂ ಅಷ್ಟೇ ಮಹತ್ತ್ವವುಂಟೆಂಬುದು ನಮ್ಮ ಅಭಿಪ್ರಾಯ.

ಮೋಡದೊಳಗೆ ದಿಗಂತವು ಮರೆಯಾದಾಗ ಒಳಗಿವಿಯ ಸಮತೋಲಪ್ರಜ್ಞೆ ಮೋಸಹೋಗುತ್ತದೆ. ವಿಮಾನವು ಓರೆಯಾಗಿ ಸುತ್ತುತ್ತಿದ್ದರೂ ನೆಟ್ಟಗಿರುವಂತೆ ಚಾಲಕನಿಗೆ ತೋರುತ್ತದೆ. ಈ ತೊಡಕಿಗೆ ಪರಿಹಾರವುಂಟೆಂಬುದನ್ನು 1929ನೆಯ ಇಸವಿ ಸೆಪ್ಟೆಂಬರ್ 24ರಂದು ಅಮೆರಿಕದ ಜೇಮ್ಸ್ ಡೂಲಿಟ್ಲ್ ತೋರಿಸಿಕೊಟ್ಟನು. ನ್ಯೂಯಾರ್ಕಿನ ಮಿಚೆಲ್ ಫೀಲ್ಡಿನಲ್ಲಿ, ಮುಸುಕು ಹಾಕಿದ ಆಸನದಲ್ಲಿ ಕುಳಿತು, ಸ್ಪೆರಿಯ ಕೃತಕ ದಿಗಂತ, ಕೋಲ್ಸ್‌ಮನ್ನನ ಎತ್ತರಮಾಪಕ ಹಾಗೂ ರೇಡಿಯೋ ಸಂಕೇತಗಳನ್ನೇ ನಂಬಿ ಅವನು ಮೇಲೇರಿ ಇಳಿದನು. ರಕ್ಷಣೆಗೆಂದು ಜತೆಗಿದ್ದ ಚಾಲಕನು ಕೈಹಾಕಬೇಕಾಗಲಿಲ್ಲ.

ಅಂದಿನ ಕೃತಕ ದಿಗಂತದಲ್ಲಿ ತಿರುಗುತ್ತಿದ್ದುದು ಲೋಹದ ಚಕ್ರ. ವಿದ್ಯುನ್ಮಾನ ಫಲಕಗಳಲ್ಲಿ ಆ ಕೆಲಸವನ್ನು ಸಿಲಿಕಾನಿನ ಸೂಕ್ಷ್ಮ ಸಂವೇದಕಗಳು ಮಾಡುತ್ತವೆ. ಅವುಗಳ ಅಳತೆಗಳನ್ನು ಗಣಕವು ಕೂಡಿಸಿ ಪರದೆಯ ಮೇಲೆ ಮೂಡಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ, ಎರಡು ಆಸನಗಳ ‘ಹಂಸ’ ತರಬೇತಿ ವಿಮಾನವು 1993ರಲ್ಲಿ ಮೊದಲು ಹಾರಿತು. 2021ನೆಯ ಇಸವಿ ಸೆಪ್ಟೆಂಬರ್ 3ರಂದು ಮೊದಲು ಹಾರಿದ ‘ಹಂಸ–ಎನ್‌ಜಿ’ ವಿದ್ಯುನ್ಮಾನ ಪರದೆಗಳ ಫಲಕವುಳ್ಳದ್ದು.

ಅಳವಡಿಕೆಯಲ್ಲಿ ಎಚ್ಚರ ಅಗತ್ಯ. ದಿಕ್ಕನ್ನು ತಿಳಿಸುವ ಕಾಂತಸಂವೇದಕವನ್ನು ಉಕ್ಕಿನಿಂದಲೂ ವಿದ್ಯುತ್ತಿನ ತಂತಿಗಳಿಂದಲೂ ದೂರವಿಡಬೇಕು. ಇಲ್ಲವಾದರೆ ಪರದೆಯು ಸ್ಫುಟವಾಗಿಯೇ ಸುಳ್ಳು ಹೇಳುವುದು. ವಿದ್ಯುತ್ತು ನಿಂತರೆ ಪರದೆಯೂ ಕುರುಡು. ಆದುದರಿಂದಲೇ ಬೇರೆ ಶಕ್ತಿಮೂಲವುಳ್ಳ ಮೀಸಲು ಉಪಕರಣಗಳನ್ನು ಇರಿಸುತ್ತಾರೆ. ದೇಹದ ಪ್ರಜ್ಞೆಯನ್ನು ಶಂಕಿಸಲು ಡೂಲಿಟ್ಲನ ಪ್ರಯೋಗವು ಕಲಿಸಿತು. ಉಪಕರಣವನ್ನೂ ಪರೀಕ್ಷಿಸಿಯೇ ನಂಬಬೇಕೆಂಬುದನ್ನು ನಾವು ಈ ಇತಿಹಾಸದಿಂದ ಗ್ರಹಿಸಬಹುದಾಗಿದೆ.